‘ಪ್ರಶ್ನೆ ಉದ್ಭವಿಸುವುದಿಲ್ಲ’

ಹೋದ ತಿಂಗಳ ಒಂದು ಶುಕ್ರವಾರ ಅಸರ್ ನಮಾಝ್ ಮುಗಿಸಿ ಎಂದಿನಂತೆ ನಮ್ಮ ಸಹಾಯ ಡೆಸ್ಕ್‌ನಲ್ಲಿ ಕುಳಿತಿದ್ದೆವು. ಇಕಾಮಾ ನವೀಕರಣ ಆಗದವರು ಇಬ್ಬರು, ಮೂರು ತಿಂಗಳ ಸಂಬಳ ಬಾಕಿ ಇರುವವರು ಒಬ್ಬರು, ಫೈನಲ್ ಎಕ್ಸಿಟ್‌ಗೆ ಕಾಯುತ್ತಿರುವವರು ಇನ್ನೊಬ್ಬರು. ಎಲ್ಲ ಮುಗಿದು ಚಹಾ ಬರುವ ಹೊತ್ತಿಗೆ, ಅಷ್ಟರವರೆಗೆ ಬಾಗಿಲ ಹತ್ತಿರವೇ ನಿಂತಿದ್ದ ಒಬ್ಬರು ಮುಂದೆ ಬಂದರು. ಬಂಟ್ವಾಳ ಕಡೆಯವರು, ಟ್ರೈಲರ್ ಓಡಿಸುತ್ತಾರೆ. ಊರಿನಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಕಳೆದ ವರ್ಷದ ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ. ಪೋರ್ಟಲ್‌ನಲ್ಲಿ ನೋಡಿದರೆ ಮಂಜೂರಾಗಿದೆ ಎಂದಿದೆ. ಬ್ಯಾಂಕಿಗೆ ಹೋದರೆ ಬಂದಿಲ್ಲ ಎನ್ನುತ್ತಾರೆ. ಕಾಲೇಜಿನಲ್ಲಿ ಕೇಳಿದರೆ ಇಲಾಖೆಗೆ ಹೋಗಿ ಎನ್ನುತ್ತಾರೆ. ಮಗಳು ಉಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿ ಮಂಗಳೂರಿಗೆ ಎರಡು ಸಲ ಹೋಗಿ ಬಂದಾಯಿತು.

ಇಷ್ಟು ಹೇಳಿ ಅವರು ಕೇಳಿದ್ದು ಹಣ ತೆಗೆಸಿ ಕೊಡಿ ಎಂದಲ್ಲ. "ಸರ್, ಎಲ್ಲರ ಮಕ್ಕಳದ್ದೂ ಹೀಗೇನಾ, ಇಲ್ಲ ನನ್ನ ಮಗಳದ್ದು ಮಾತ್ರವಾ?" ಎಂದು ಕೇಳಿದರು.

ಆ ಕೋಣೆಯಲ್ಲಿದ್ದ ಏಳೆಂಟು ಮಂದಿಯಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ನಾವು ಬಿ.ಕಾಂ. ಓದಿ ಇಪ್ಪತ್ತು ವರ್ಷದಿಂದ ಬೇರೆಯವರ ಲೆಕ್ಕ ಬರೆದು ಅನ್ನ ತಿನ್ನುವವರು. ಆದರೂ ನಮಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಒಬ್ಬರ ಅರ್ಜಿ ಸಂಖ್ಯೆ ಹಾಕಿ ನೋಡಿದರೆ ಸಾಲದು. ಎಷ್ಟು ಮಕ್ಕಳು ಅರ್ಜಿ ಹಾಕಿದರು, ಎಷ್ಟು ಮಂದಿಗೆ ಮಂಜೂರಾಯಿತು, ಎಷ್ಟು ಮಂದಿಯ ಖಾತೆಗೆ ನಿಜವಾಗಿ ಹಣ ಬಿತ್ತು ಎಂಬ ಮೂರು ಸಂಖ್ಯೆಗಳು ಒಟ್ಟಿಗೆ ಬೇಕು. ಅವು ಇರುವುದು ಇಲಾಖೆಯ ಕಂಪ್ಯೂಟರಿನಲ್ಲಿ. ಅವನ್ನು ಹೊರಗೆ ತರಿಸುವ ದೊಡ್ಡ ಅಧಿಕಾರ ಇರುವುದು ನಾವು ಓಟು ಹಾಕಿ ಕಳುಹಿಸಿದ ಶಾಸಕರಿಗೆ ಮತ್ತು ಸಂಸದರಿಗೆ. ಈ ಸಲದ ಸಂಪಾದಕೀಯ ಅದರ ಬಗ್ಗೆ.

ಶಾಸಕರೆಂದರೆ ನಮ್ಮ ಮನಸ್ಸಿಗೆ ಬರುವುದು ರಸ್ತೆ, ಮದುವೆ, ಮಯ್ಯತ್ ಮನೆಗೆ ಭೇಟಿ, ಬೇಕಾದಾಗ ಒಂದು ಶಿಫಾರಸು ಪತ್ರ. ಅದೆಲ್ಲ ಸರಿಯೇ. ಆದರೆ ಸದನದಲ್ಲಿ ಪ್ರಶ್ನೆ ಕೇಳುವ ಕೆಲಸ ಒಂದಿದೆ, ಅದನ್ನು ನಾವು ಯಾರೂ ಅವರಿಂದ ಕೇಳಿ ಪಡೆಯುವುದಿಲ್ಲ. ಚುಕ್ಕೆ ಗುರುತಿನ ಪ್ರಶ್ನೆ ಎಂದರೆ ಸಚಿವರು ಎದ್ದು ನಿಂತು ಬಾಯಿಯಿಂದ ಉತ್ತರಿಸಬೇಕಾದದ್ದು. ಅಲ್ಲಿ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ, ಉಪಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದವು. ಕನಿಷ್ಠ 15 ದಿನ ಮೊದಲು ನೋಟಿಸು ಕೊಡಬೇಕು, ಪ್ರಶ್ನೆ 150 ಪದ ದಾಟಬಾರದು. ಟಿವಿಯಲ್ಲಿ ನಾವು ನೋಡುವುದು ಕೂಗಾಟವನ್ನು. ಆದರೆ ಸದನ ಗದ್ದಲದಲ್ಲಿ ಮುಂದೂಡಿ ಹೋದ ದಿನವೂ ಲಿಖಿತ ಉತ್ತರಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಅದು ಯಾರಿಗೂ ಸುದ್ದಿಯಲ್ಲ.

ಕರ್ನಾಟಕ ವಿಧಾನಸಭೆಯ ಉತ್ತರಗಳನ್ನು ಶಾಸನಸಭೆಯ ವೆಬ್‌ಸೈಟಿನಲ್ಲಿ ಹಾಕುತ್ತಾರೆ, ಕನ್ನಡದಲ್ಲೇ. ಬಿಡುವಿದ್ದಾಗ ಒಮ್ಮೆ ತೆರೆದು ನೋಡಿ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, (ಅ), (ಆ), (ಇ) ಎಂದು ಸಾಲುಗಳು. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಕೇಳಿದ್ದರೆ, ಎದುರುಗಡೆ ‘ಬಂದಿರುವುದಿಲ್ಲ’ ಎಂದಿರುತ್ತದೆ. ‘ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಎಂಬ ಮುಂದಿನ ಸಾಲಿನ ಎದುರು ‘ಉದ್ಭವಿಸುವುದಿಲ್ಲ’. ಮುಗಿಯಿತು. ಎರಡೇ ಎರಡು ಪದ, ಒಂದು ಇಡೀ ಜಿಲ್ಲೆಯ ಸಮಸ್ಯೆ ಮಾಯ! ಅದೇ ಪುಟದ ಪಕ್ಕದಲ್ಲಿ ಇನ್ನೊಬ್ಬ ಸದಸ್ಯರು ‘ಯಾವ ಯಾವ ವರ್ಷ, ಯಾವ ತಾಲ್ಲೂಕು, ಎಷ್ಟು ಮಂದಿ, ಎಷ್ಟು ಹಣ’ ಎಂದು ಕೇಳಿದ್ದರೆ ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ’ ಎಂದು ಬರೆದು ಹಿಂದೆ ಪಟ್ಟಿ ಲಗತ್ತಿಸಿರುತ್ತಾರೆ. ನಮ್ಮಂಥವರಿಗೆ ಬೇಕಾದದ್ದು ಆ ಅನುಬಂಧ. ‘ಗಮನಕ್ಕೆ ಬಂದಿದೆಯೇ’ ಎಂಬುದು ಅಭಿಪ್ರಾಯ ಕೇಳುವ ಪ್ರಶ್ನೆ, ‘ಎಷ್ಟು’ ಎಂಬುದು ರಿಜಿಸ್ಟರು ತೆಗೆಸುವ ಪ್ರಶ್ನೆ. ಆಡಿಟ್‌ಗೆ ಬಂದವರು "ನಿಮ್ಮಲ್ಲಿ ಎಲ್ಲ ಸರಿಯಾಗಿದೆಯೇ?" ಎಂದು ಕೇಳಿದರೆ ಯಾವ ಕಂಪೆನಿಯ ಕ್ಯಾಶಿಯರ್ ಇಲ್ಲ ಎಂದಾನು?

ಈ ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದಕ್ಕೆ 2020ರ ಸೆಪ್ಟೆಂಬರ್ ಅನ್ನು ನೆನಪಿಸಿಕೊಳ್ಳಿ. ಅದು ಕೊರೋನಾ ವರ್ಷ. ಲಾಕ್‌ಡೌನ್‌ನಲ್ಲಿ ಕೂಲಿಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಹೆದ್ದಾರಿಯಲ್ಲಿ ನಡೆದುಕೊಂಡು ಹೋದದ್ದನ್ನು ನಾವು ಇಲ್ಲಿ ರೂಮಿನಲ್ಲಿ ಮೊಬೈಲಿನಲ್ಲಿ ನೋಡಿದ್ದೆವು. ನಾವೂ ವಲಸೆ ಕಾರ್ಮಿಕರೇ ಆದ್ದರಿಂದ ಅದನ್ನು ನೋಡುವುದು ಸುಲಭ ಇರಲಿಲ್ಲ. ಮುಂಗಾರು ಅಧಿವೇಶನ ಸೇರಿದಾಗ ಸರ್ಕಾರ ಪ್ರಶ್ನೋತ್ತರ ವೇಳೆಯನ್ನೇ ರದ್ದು ಮಾಡಿತ್ತು. ಲಿಖಿತ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ, ಊರಿಗೆ ಮರಳುವಾಗ ಎಷ್ಟು ವಲಸೆ ಕಾರ್ಮಿಕರು ಸತ್ತರು ಎಂಬ ಪ್ರಶ್ನೆಗೆ ಕಾರ್ಮಿಕ ಸಚಿವಾಲಯ ಕೊಟ್ಟ ಉತ್ತರ, ಅಂಥ ದತ್ತಾಂಶವನ್ನು ಇಟ್ಟಿಲ್ಲ ಎಂದು. ಸತ್ತವರ ಕುಟುಂಬಕ್ಕೆ ಪರಿಹಾರ ಕೊಟ್ಟಿದ್ದೀರಾ ಎಂಬುದಕ್ಕೆ? ದತ್ತಾಂಶವೇ ಇಲ್ಲದ್ದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ. ಒಂದು ಕೋಟಿಗೂ ಹೆಚ್ಚು ಮಂದಿ ಊರಿಗೆ ಮರಳಿದ್ದಾರೆ ಎಂಬ ಲೆಕ್ಕ ಮಾತ್ರ ಅದೇ ಸರ್ಕಾರದ ಹತ್ತಿರ ಇತ್ತು.

ಅದಾಗಿ ಒಂದು ವಾರ ತುಂಬಿರಲಿಲ್ಲ. ರಾಜ್ಯಸಭೆಯಲ್ಲಿ ಡೆರೆಕ್ ಒಬ್ರಿಯಾನ್ ರೈಲ್ವೆ ಇಲಾಖೆಗೆ ಬೇರೆ ಪ್ರಶ್ನೆ ಹಾಕಿದ್ದರು: ಶ್ರಮಿಕ್ ವಿಶೇಷ ರೈಲುಗಳಲ್ಲಿ ಪ್ರಯಾಣಿಸುವಾಗ ಎಷ್ಟು ಮಂದಿ ಸತ್ತರು? ಉತ್ತರ ಬಂತು, ಸೆಪ್ಟೆಂಬರ್ 9ರವರೆಗೆ 97 ಮಂದಿ.

ನೋಡಿ, ಅದೇ ಸರ್ಕಾರ, ಅದೇ ಅಧಿವೇಶನ, ಅದೇ ಜನ. ಒಂದು ಕಡೆ ‘ಇಲ್ಲ’, ಇನ್ನೊಂದು ಕಡೆ ‘97’. ಏನು ವ್ಯತ್ಯಾಸ? ರೈಲಿನಲ್ಲಿ ಯಾರಾದರೂ ಸತ್ತರೆ ರೈಲ್ವೆ ಪೊಲೀಸರು ಕೇಸು ದಾಖಲಿಸಲೇಬೇಕು. ಹಾಗಾಗಿ ರಿಜಿಸ್ಟರು ಇತ್ತು. ಆ ರಿಜಿಸ್ಟರು ಎಲ್ಲಿದೆ ಎಂದು ಊಹಿಸಿ, ಅದನ್ನು ಇಟ್ಟುಕೊಂಡ ಇಲಾಖೆಗೇ ಕೇಳಿದ್ದರು. ರಸ್ತೆಯಲ್ಲಿ ಸತ್ತವರ ಲೆಕ್ಕ ಈ 97ರಲ್ಲಿ ಇಲ್ಲ, ಅದು ಪೂರ್ತಿ ಲೆಕ್ಕವಲ್ಲ. ಆದರೆ ಸೊನ್ನೆಯೂ ಅಲ್ಲ. 97 ಮನೆಗಳ ಮಟ್ಟಿಗೆ ಸರ್ಕಾರ ಇನ್ನು ‘ಗೊತ್ತಿಲ್ಲ’ ಎನ್ನುವ ಹಾಗಿಲ್ಲ.

ಮರುವರ್ಷ ಇದರ ಉಲ್ಟಾ ಆಯಿತು. 2021ರ ಜುಲೈ 20ರಂದು ರಾಜ್ಯಸಭೆಯಲ್ಲಿ ಕೆ.ಸಿ. ವೇಣುಗೋಪಾಲ್ ಅವರ ಪ್ರಶ್ನೆಗೆ ಆರೋಗ್ಯ ಸಚಿವಾಲಯ ಹೇಳಿತು, ಆಮ್ಲಜನಕದ ಕೊರತೆಯಿಂದ ಸಾವು ಸಂಭವಿಸಿದ್ದನ್ನು ಯಾವ ರಾಜ್ಯವೂ ‘ನಿರ್ದಿಷ್ಟವಾಗಿ’ ವರದಿ ಮಾಡಿಲ್ಲ ಎಂದು. ಆ ಉತ್ತರ ಓದಿದಾಗ ನಮಗೆ ನೆನಪಾದದ್ದು ಚಾಮರಾಜನಗರ. ಅದೇ ವರ್ಷ ಮೇ 2ರ ರಾತ್ರಿಯಿಂದ ಬೆಳಗಿನವರೆಗೆ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ತೀರಿಕೊಂಡಿದ್ದರು. ಹೈಕೋರ್ಟ್ ನೇಮಿಸಿದ ಸಮಿತಿ ಬಂದು ಪರಿಶೀಲಿಸಿ, ಆಮ್ಲಜನಕದ ಕೊರತೆಯನ್ನೇ ಬೊಟ್ಟು ಮಾಡಿ ತೋರಿಸಿತ್ತು. ಹಾಗಾದರೆ ಸಂಸತ್ತಿನಲ್ಲಿ ಬಂದ ಉತ್ತರ ಸುಳ್ಳೇ? ಲೆಕ್ಕಿಗರ ಕಣ್ಣಿನಿಂದ ನೋಡಿದರೆ ಸುಳ್ಳಲ್ಲ, ಅದಕ್ಕಿಂತ ಕೆಟ್ಟದ್ದು. ಆರೋಗ್ಯ ರಾಜ್ಯದ ವಿಷಯ, ರಾಜ್ಯಗಳು ಸೋಂಕು ಎಷ್ಟು, ಸಾವು ಎಷ್ಟು ಎಂದು ದಿನವೂ ಕಳುಹಿಸುತ್ತವೆ, ಅದರಲ್ಲಿ ಆಮ್ಲಜನಕದ ಹೆಸರಿನಲ್ಲಿ ಏನೂ ಬಂದಿಲ್ಲ ಎಂಬುದು ಉತ್ತರದ ಸಾರ. ಫಾರಮ್ಮಿನಲ್ಲಿ ಕಾಲಮ್ಮೇ ಇಲ್ಲದಿದ್ದರೆ ತುಂಬುವವನು ಎಲ್ಲಿ ತುಂಬಬೇಕು? ಕಾಲಮ್ ಇಲ್ಲದ ಕಡೆ ಮೊತ್ತ ಯಾವಾಗಲೂ ಸೊನ್ನೆಯೇ.

ಇಲ್ಲಿ ಕೇಳಬೇಕಿದ್ದದ್ದು ಬಹುಶಃ ಬೇರೆ ಇತ್ತು: ಇಂಥ ದಿನಗಳಲ್ಲಿ ಇಂಥ ಜಿಲ್ಲಾ ಆಸ್ಪತ್ರೆಗಳಿಗೆ ಬೇಡಿಕೆ ಇದ್ದ ಆಮ್ಲಜನಕ ಎಷ್ಟು, ತಲುಪಿದ್ದು ಎಷ್ಟು, ಯಾವ ಗಂಟೆಗೆ, ಆ ಗಂಟೆಯಲ್ಲಿ ವಾರ್ಡಿನಲ್ಲಿ ಸಾವು ಎಷ್ಟು? ಸಿಲಿಂಡರ್ ಬಂದದ್ದಕ್ಕೆ ಡೆಲಿವರಿ ಚಲನ್ ಇರುತ್ತದೆ, ಸಾವಿಗೆ ಕೇಸ್ ಶೀಟ್ ಇರುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ‘ನಿರ್ದಿಷ್ಟವಾಗಿ’ ಎಂಬ ಪದಕ್ಕೆ ಅಡಗಿಕೊಳ್ಳಲು ಜಾಗ ಇರುವುದಿಲ್ಲ. ಹೀಗೆ ಕೇಳಿದ್ದರೆ ಉತ್ತರ ಬಂದೇ ಬರುತ್ತಿತ್ತು ಎಂದು ನಾವು ಹೇಳುವುದಿಲ್ಲ. ತಪ್ಪಿಸಿಕೊಳ್ಳುವುದು ಕಷ್ಟವಾಗುತ್ತಿತ್ತು.

ಇನ್ನು ಮಕ್ಕಳ ಓದಿನ ವಿಷಯಕ್ಕೆ ಬರುವಾ. ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ನಿಂತು ಹೋದ ಸುದ್ದಿ ಹೊರಗೆ ಬಂದದ್ದೇ ಇಂಥ ಒಂದು ಪ್ರಶ್ನೆಯಿಂದ. 2022ರ ಡಿಸೆಂಬರ್ 8ರಂದು ಕೇರಳದ ಸಂಸದ ಟಿ.ಎನ್. ಪ್ರತಾಪನ್ ಅವರಿಗೆ ಲೋಕಸಭೆಯಲ್ಲಿ ಕೊಟ್ಟ ಉತ್ತರದಲ್ಲಿ ಆಗಿನ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವೆ ಸ್ಮೃತಿ ಇರಾನಿ, 2022-23ರಿಂದ ಇದನ್ನು ನಿಲ್ಲಿಸಲು ನಿರ್ಧರಿಸಿದ್ದೇವೆ ಎಂದರು. 2014-15ರಿಂದ 2021-22ರವರೆಗೆ 6,722 ಮಂದಿ ಆಯ್ಕೆಯಾಗಿದ್ದರು, 738.85 ಕೋಟಿ ರೂಪಾಯಿ ವಿತರಣೆಯಾಗಿತ್ತು. ನಿಲ್ಲಿಸಿದ್ದಕ್ಕೆ ಕಾರಣ, ಇದೇ ರೀತಿಯ ಬೇರೆ ಫೆಲೋಶಿಪ್‌ಗಳು ಇವೆ, ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಅವುಗಳಲ್ಲೂ ಬರುತ್ತಾರೆ, ಒಂದರ ಮೇಲೊಂದು ಬೀಳುತ್ತಿದೆ ಎಂದು.

ಬೀಳುತ್ತಿದೆ ಎಂದರೆ ಎಷ್ಟು? ಇದು ಎಣಿಸಬಹುದಾದ ಸಂಗತಿ. 6,722 ಮಂದಿಯಲ್ಲಿ ಇನ್ನೊಂದು ಫೆಲೋಶಿಪ್‌ಗೂ ಆಯ್ಕೆಯಾದವರು ಎಷ್ಟು ಎಂದು ಕೇಳಿದರೆ ಒಂದು ಸಂಖ್ಯೆ ಬರಬೇಕು. ಯಾವ ಕಂಪೆನಿಯಾದರೂ ಒಂದು ಖರ್ಚಿನ ಬಾಬ್ತನ್ನು ‘ಡಬಲ್ ಆಗುತ್ತಿದೆ’ ಎಂದು ಕಡಿಯುವಾಗ ಎರಡು ಬಿಲ್ಲುಗಳನ್ನು ಪಕ್ಕದಲ್ಲಿಟ್ಟು ತೋರಿಸುತ್ತದೆ. ಒಬ್ಬ ಹುಡುಗ ಎರಡು ಕಡೆ ಅರ್ಜಿ ಹಾಕಲು ಅರ್ಹನಾಗಿರುವುದು ಬೇರೆ, ಎರಡು ಕಡೆಯಿಂದ ಹಣ ಪಡೆಯುವುದು ಬೇರೆ. ಮೊದಲನೆಯದು ಸ್ಪರ್ಧೆ, ಎರಡನೆಯದು ಮೋಸ.

ಅದೇ ವರ್ಷ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತಗೊಳಿಸಿದರು. 1ರಿಂದ 8ರವರೆಗೆ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಓದು ಉಚಿತ, ಹಾಗಾಗಿ ಬೇಡ ಎಂದು ಕಾರಣ. ಚಿಕ್ಕ ತರಗತಿಯ ಮಕ್ಕಳಿಗೆ ಸಿಗುತ್ತಿದ್ದದ್ದು ವರ್ಷಕ್ಕೆ ಒಂದು ಸಾವಿರ ರೂಪಾಯಿ. ಇಲ್ಲಿ ಕುಳಿತವರಿಗೆ ಅದು ಒಂದು ದಿನದ ಓವರ್‌ಟೈಮ್ ಆಗಿರಬಹುದು. ಊರಿನಲ್ಲಿ ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಂದಿರಿಗೆ ಅದು ಚೀಲ, ಕೊಡೆ, ನೋಟ್ಸ್ ಪುಸ್ತಕ. ಆ ಹಣ ನಿಂತ ಮೇಲೆ ಎಷ್ಟು ಮಕ್ಕಳು ಶಾಲೆ ಬಿಟ್ಟರು? ಯಾರೂ ಬಿಟ್ಟಿಲ್ಲದಿರಬಹುದು. ಬಿಟ್ಟಿರಬಹುದು. 2021-22 ಮತ್ತು ಅದರ ನಂತರದ ವರ್ಷಗಳ ಹಾಜರಿ, ತಾಲ್ಲೂಕುವಾರು, ಹೆಣ್ಣು ಮಕ್ಕಳದ್ದು ಬೇರೆಯಾಗಿ ತೆಗೆಸಿದರೆ ತಿಳಿಯುತ್ತದೆ. ವೇದಿಕೆಯ ಮೇಲೆ ಭಾಷಣ ಮಾಡುವುದಕ್ಕಿಂತ ಇದು ಕಡಿಮೆ ಶಬ್ದದ ಕೆಲಸ, ಆದ್ದರಿಂದ ಮಾಡುವವರೂ ಕಡಿಮೆ.

ಒಂದು ಕಹಿ ಮಾತನ್ನೂ ಹೇಳಬೇಕು. ಲೆಕ್ಕ ಕೇಳುವುದೆಂದರೆ ಸರ್ಕಾರದ ಲೆಕ್ಕ ಮಾತ್ರ ಅಲ್ಲ. 2023ರಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ 1,572 ಶಿಕ್ಷಣ ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ನಕಲಿ ಇಲ್ಲವೇ ನಡೆಯದೇ ಇರುವವು ಎಂದು ಕಂಡುಬಂತು. ನಷ್ಟ 144.83 ಕೋಟಿ ರೂಪಾಯಿ ಎಂದು ಸಚಿವಾಲಯವೇ ಲೆಕ್ಕ ಹಾಕಿ ಸಿಬಿಐಗೆ ದೂರು ಕೊಟ್ಟಿತು. ಪರಿಶೀಲನೆಗೆ ಆರಿಸಿದ್ದೇ ಅನುಮಾನ ಇದ್ದ ಸಂಸ್ಥೆಗಳನ್ನು, ಹಾಗಾಗಿ ದೇಶದ ಅರ್ಧಕ್ಕರ್ಧ ಶಾಲೆಗಳು ನಕಲಿ ಎಂದು ಯಾರಾದರೂ ವಾಟ್ಸಾಪ್‌ನಲ್ಲಿ ಹೇಳಿದರೆ ನಂಬಬೇಡಿ. ಆದರೆ ಇಲ್ಲದ ಮಕ್ಕಳ ಹೆಸರಿನಲ್ಲಿ ಇಷ್ಟು ಹಣ ಹೋಯಿತಲ್ಲ, ಅದು ಯಾರ ಪಾಲಿನದ್ದು? ಇರುವ ಮಕ್ಕಳದ್ದು. ಬಂಟ್ವಾಳದ ಆ ಹುಡುಗಿಯಂಥವರದ್ದು. ‘ಇಷ್ಟು ಲಕ್ಷ ಫಲಾನುಭವಿಗಳು’ ಎಂದು ಸರ್ಕಾರ ವರ್ಷ ವರ್ಷ ಹೇಳುವಾಗ ಈ ನಕಲಿಗಳೂ ಅದರಲ್ಲಿ ಸೇರಿದ್ದರು. ಫಲಾನುಭವಿಗಳ ಸಂಖ್ಯೆ ದೊಡ್ಡದಾದರೆ ಸಂತೋಷಪಡುವ ಅಭ್ಯಾಸ ನಮಗೂ ಇದೆ. ಆ ಸಂಖ್ಯೆಯ ಹಿಂದೆ ಶಾಲೆ ಇದೆಯಾ ಎಂದು ಕೇಳುವ ಅಭ್ಯಾಸ ಇಲ್ಲ. ಕೇಳಿದರೆ ಸಮುದಾಯದ ಮಾನ ಹೋಗುತ್ತದೆ ಎಂದು ಕೆಲವರು ನಮ್ಮ ಸಭೆಯಲ್ಲೇ ಹೇಳಿದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ.

ಈಗ ನಮ್ಮದೇ ಲೆಕ್ಕ. 2019ರ ನವೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ಲೋಕಸಭೆಗೆ ಒಂದು ಸಂಖ್ಯೆ ಕೊಟ್ಟಿತು. 2014ರಿಂದ ಅಲ್ಲಿಯವರೆಗೆ ಆರು ಕೊಲ್ಲಿ ದೇಶಗಳಲ್ಲಿ ಸತ್ತ ಭಾರತೀಯ ಕಾರ್ಮಿಕರು 33,988. ಭಾಗಿಸಿ ನೋಡಿದೆವು. ದಿನಕ್ಕೆ 15ಕ್ಕಿಂತ ಹೆಚ್ಚು. ಪ್ರತಿ ದಿನ, ರಜೆ ಇಲ್ಲದೆ, ಸುಮಾರು ಆರು ವರ್ಷ. ಇದು ಕೊರೋನಾಕ್ಕೆ ಮೊದಲಿನ ಮಾತು.

ಸಂಸದರು ಕೇಳಿದ್ದರಿಂದ ಇಷ್ಟಾದರೂ ಗೊತ್ತಾಯಿತು. ಆದರೆ ಈ ಸಂಖ್ಯೆಯಿಂದ ನಾವು ಏನು ಮಾಡಬಹುದು ಎಂದು ಯೋಚಿಸಿದರೆ ಹೆಚ್ಚೇನೂ ಇಲ್ಲ. ದೇಶವಾರು ಇದೆ. ವಯಸ್ಸು? ಮಾಡುತ್ತಿದ್ದ ಕೆಲಸ? ಸತ್ತ ತಿಂಗಳು? ಮಯ್ಯತ್ ಊರಿಗೆ ಕಳುಹಿಸುವ ಕಾಗದಪತ್ರದ ಕೆಲಸ ಮಾಡಿದವರಿಗೆ ಗೊತ್ತು, ಮರಣದ ಕಾರಣ ಎಂಬಲ್ಲಿ ಹೆಚ್ಚಾಗಿ ಬರೆದಿರುವುದು ಹೃದಯ ನಿಂತಿತು ಎಂದು. ಹೃದಯ ನಿಲ್ಲದೆ ಸಾಯುವವರು ಯಾರಿದ್ದಾರೆ ಮಾರಾಯ್ರೇ? ಮೂವತ್ತು, ಮೂವತ್ತೈದು ವರ್ಷದ ಹುಡುಗರು, ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಫೋನು ನಮಗೂ ಬಂದಿದೆ. ಜೂನ್ ಜುಲೈಯ ಬಿಸಿಲಿನಲ್ಲಿ ಕೆಲಸ ಮಾಡಿದವರೇ ಹೆಚ್ಚಾ, ಇಲ್ಲ ಸಕ್ಕರೆ ಕಾಯಿಲೆ, ಬಿ.ಪಿ. ಗೊತ್ತಿಲ್ಲದೆ ಇದ್ದವರಾ? ವಯಸ್ಸು, ವೃತ್ತಿ, ತಿಂಗಳು ಎಂಬ ಮೂರು ಕಾಲಮ್ ಇದ್ದರೆ ಅದರಿಂದಲೇ ನಮ್ಮ ಕ್ಯಾಂಪುಗಳಲ್ಲಿ ಯಾವ ತಪಾಸಣೆ ಮೊದಲು ಮಾಡಬೇಕು ಎಂದು ತಿಳಿಯುತ್ತಿತ್ತು. ಈಗ ನಾವು ಅಂದಾಜಿನ ಮೇಲೆ ಬಿ.ಪಿ. ನೋಡುವ ಶಿಬಿರ ಇಡುತ್ತೇವೆ, ಬಂದವರಿಗೆ ಬಿರಿಯಾನಿ ಕೊಡುತ್ತೇವೆ. ತಪ್ಪಲ್ಲ. ಆದರೂ ಅಂದಾಜೇ.

ಇನ್ನೊಂದು ತೊಡಕು ನಮ್ಮ ಪಾಸ್‌ಪೋರ್ಟಿನಲ್ಲೇ ಇದೆ. ಎಮಿಗ್ರೇಶನ್ ಕ್ಲಿಯರೆನ್ಸ್ ಬೇಕಾದ, ಅಂದರೆ ಇಸಿಆರ್ ಪಾಸ್‌ಪೋರ್ಟಿನವರು ಈ ದೇಶಗಳಿಗೆ ಕೆಲಸಕ್ಕೆ ಬಂದರೆ ಇ-ಮೈಗ್ರೇಟ್‌ನಲ್ಲಿ ದಾಖಲಾಗುತ್ತಾರೆ, 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಅದರ ಜೊತೆ ಕಡ್ಡಾಯ. ಹತ್ತನೇ ತರಗತಿ ಪಾಸಾದವರಿಗೆ ಆ ಕ್ಲಿಯರೆನ್ಸ್ ಬೇಡ. ನಮ್ಮ ಊರುಗಳ ಹುಡುಗರು ದೇವರ ದಯೆಯಿಂದ ಎಸ್ಸೆಸ್ಸೆಲ್ಸಿ ಪಾಸಾಗಿಯೇ ಬರುತ್ತಿದ್ದಾರೆ. ಓದಿದ್ದು ಒಳ್ಳೆಯದಾಯಿತು, ಆದರೆ ಆ ಕಾರಣಕ್ಕೇ ಅವರು ಆ ರಿಜಿಸ್ಟರಿನಿಂದ ಹೊರಗೆ, ಕಡ್ಡಾಯ ವಿಮೆಯಿಂದಲೂ ಹೊರಗೆ. ಹಾಗಾಗಿ ಕರ್ನಾಟಕದಿಂದ ಇಷ್ಟು ಮಂದಿ ಹೋದರು ಎಂದು ಕ್ಲಿಯರೆನ್ಸ್ ಲೆಕ್ಕ ಹಿಡಿದು ಉತ್ತರ ಬಂದರೆ ಅದು ನಮ್ಮೆಲ್ಲರ ಲೆಕ್ಕವಲ್ಲ ಎಂದು ತಿಳಿಯಿರಿ. ಪಕ್ಕದ ಕೇರಳ ಬೇರೆ ದಾರಿ ಹಿಡಿಯಿತು. 1996ರಲ್ಲೇ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ಮಾಡಿತು, 1998ರಿಂದ ಮನೆ ಮನೆಗೆ ಹೋಗಿ ವಲಸೆ ಸಮೀಕ್ಷೆ ನಡೆಯುತ್ತಿದೆ. 2023ರ ಸಮೀಕ್ಷೆಯಲ್ಲಿ ಹೊರದೇಶದಲ್ಲಿರುವವರು ಸುಮಾರು 22 ಲಕ್ಷ ಎಂದು ಸಿಕ್ಕಿತು. ತಲಪಾಡಿ ಗೇಟಿನ ಆಚೆ ಇರುವ ನಮ್ಮ ನೆಂಟರು ಆ ಲೆಕ್ಕದಲ್ಲಿ ಇದ್ದಾರೆ, ಒಂದೇ ರೂಮಿನಲ್ಲಿ ಪಕ್ಕದ ಮಂಚದಲ್ಲಿ ಮಲಗುವ ನಾವು ಅದರಲ್ಲಿ ಇಲ್ಲ. ಅವರಿಗೆ ಪಿಂಚಣಿ, ನಮಗೆ ಸನ್ಮಾನ. ನಮ್ಮ ರಾಜ್ಯದಲ್ಲೂ ಇಂಥ ಮನೆ ಮನೆ ಸಮೀಕ್ಷೆ ಯಾವಾಗ, ಯಾವ ಇಲಾಖೆಯಿಂದ ಎಂಬುದನ್ನು ವಿಧಾನಸಭೆಯಲ್ಲಿ ಕೇಳಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಮಾಡುವುದು ಎಂತ ಎಂದು ನೀವು ಕೇಳುತ್ತೀರಿ. ನಮ್ಮ ಸಮಿತಿ ಒಂದು ನಿರ್ಧಾರ ಮಾಡಿದೆ. ಮುಂದಿನ ಅಧಿವೇಶನಕ್ಕೆ ಮೊದಲು ಪ್ರಶ್ನೆಗಳ ಕರಡು ಬರೆದು ಕರಾವಳಿಯ ಶಾಸಕರು, ವಿಧಾನ ಪರಿಷತ್ ಸದಸ್ಯರು ಮತ್ತು ಸಂಸದರಿಗೆ ಕಳುಹಿಸುತ್ತೇವೆ. ಯಾವ ಪಕ್ಷ ಎಂದು ನೋಡುವುದಿಲ್ಲ. ನಮಗೆ ಓಟು ಹಾಕದವರು ಎಂದು ಅವರು ನೋಡುತ್ತಾರೋ ಏನೋ, ಅದು ಅವರಿಗೆ ಬಿಟ್ಟದ್ದು. ಆಳುವ ಪಕ್ಷದವರೂ ಪ್ರಶ್ನೆ ಕೇಳಬಹುದು, ಕೇಳುತ್ತಾರೆ ಕೂಡ. ಸಚಿವರಾದವರು ಮಾತ್ರ ಕೇಳುವ ಹಾಗಿಲ್ಲ, ಉತ್ತರಿಸಬೇಕು. ಸಭಾಧ್ಯಕ್ಷರ ಪೀಠದಲ್ಲಿ ಕುಳಿತವರೂ ಕೇಳುವುದಿಲ್ಲ. 2023ರ ಮೇ ತಿಂಗಳಲ್ಲಿ ಯು.ಟಿ. ಖಾದರ್ ಸಭಾಧ್ಯಕ್ಷರಾದಾಗ ಉಳ್ಳಾಲದವರೆಲ್ಲ ಸಂತೋಷಪಟ್ಟೆವು, ಆದರೆ ಆ ಕ್ಷೇತ್ರದ ಪ್ರಶ್ನೆಯನ್ನು ಇನ್ನೊಬ್ಬರ ಕೈಯಲ್ಲಿ ಕಳುಹಿಸಬೇಕಾಗುತ್ತದೆ ಎಂದು ಹೆಚ್ಚಿನವರಿಗೆ ಹೊಳೆದಿರಲಿಲ್ಲ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಬಂದ ಮೇಲೆ ಸದನದ ಮುಂದೆ ಇಡಲಾಗುವುದು’ ಎಂಬ ಉತ್ತರ ಬಂದರೆ ಬೇಸರ ಬೇಡ. ಅದು ಭರವಸೆ ಎಂದು ದಾಖಲಾಗುತ್ತದೆ. ಸರ್ಕಾರಿ ಭರವಸೆಗಳ ಸಮಿತಿ ಎಂದೇ ಒಂದು ಸಮಿತಿ ಇದೆ, ಸದಸ್ಯರು ಬೆನ್ನು ಬಿಡದಿದ್ದರೆ ಅದು ಇಲಾಖೆಯನ್ನು ಕರೆಸುತ್ತದೆ.

ಮಾಹಿತಿ ಹಕ್ಕು ಕಾಯ್ದೆ ಇದೆಯಲ್ಲ, ಶಾಸಕರು ಯಾಕೆ ಎಂದು ಒಬ್ಬರು ಕೇಳಿದರು. ಅದೂ ಇರಲಿ. ಹತ್ತು ರೂಪಾಯಿ, ಮೂವತ್ತು ದಿನ, ಒಳ್ಳೆಯ ಕಾಯ್ದೆ. ಆದರೆ ಅಲ್ಲಿ ಉತ್ತರಿಸುವುದು ಒಬ್ಬ ಮಾಹಿತಿ ಅಧಿಕಾರಿ, ಸದನದಲ್ಲಿ ಉತ್ತರಿಸುವುದು ಸಚಿವರು. ಗೊತ್ತಿದ್ದೂ ತಪ್ಪು ಲೆಕ್ಕ ಕೊಟ್ಟರೆ ಹಕ್ಕುಚ್ಯುತಿ ಆಗುತ್ತದೆ. ಬಾಕಿ ಹಣ ಬಿಡುಗಡೆಯಾಗಬೇಕಾದರೆ ಯಾರ ಬಾಯಿಯಿಂದ ಸಂಖ್ಯೆ ಬರಬೇಕು ಎಂಬುದು ಮುಖ್ಯ.

ನಮ್ಮ ಮೊದಲ ಕರಡು ಹೀಗಿದೆ:

(ಅ) ಕಳೆದ ಮೂರು ಶೈಕ್ಷಣಿಕ ವರ್ಷಗಳಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಿದ, ಮಂಜೂರಾದ ಹಾಗೂ ಖಾತೆಗೆ ಹಣ ಜಮೆಯಾದ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಂಖ್ಯೆ ಎಷ್ಟು. (ವರ್ಷವಾರು, ತಾಲ್ಲೂಕುವಾರು, ಕೋರ್ಸುವಾರು ವಿವರ ನೀಡುವುದು)

(ಆ) ಮಂಜೂರಾಗಿಯೂ ಜಮೆಯಾಗದ ಅರ್ಜಿಗಳು ಎಷ್ಟು; ಅವು ಕಾಲೇಜು, ಇಲಾಖೆ, ಖಜಾನೆ, ಬ್ಯಾಂಕ್ ಇವುಗಳಲ್ಲಿ ಯಾವ ಹಂತದಲ್ಲಿ ಎಷ್ಟು ದಿನಗಳಿಂದ ಬಾಕಿ ಇವೆ; (ಹಂತವಾರು ವಿವರ ನೀಡುವುದು)

(ಇ) ಆಧಾರ್ ಜೋಡಣೆಯ ದೋಷದಿಂದ ಹಿಂದಿರುಗಿದ ಪಾವತಿಗಳು ಎಷ್ಟು. ಆ ಪೈಕಿ ಮತ್ತೆ ಪಾವತಿಯಾದದ್ದು ಎಷ್ಟು?

‘ಗಮನಕ್ಕೆ ಬಂದಿದೆಯೇ’ ಎಂಬುದನ್ನು ಎಲ್ಲೂ ಹಾಕಿಲ್ಲ, ನೋಡಿದಿರಲ್ಲ. ಮೂರನೆಯದನ್ನು ಸೇರಿಸಿದ್ದಕ್ಕೆ ಕಾರಣ ಇದೆ. ನಮ್ಮ ಇನ್ನೊಬ್ಬ ಸದಸ್ಯರ ಮಗನ ಹಣ ಒಂದು ವರ್ಷ ಕಾಣೆಯಾಗಿ, ಕೊನೆಗೆ ಅವನು ಯಾವುದೋ ಕಾರಣಕ್ಕೆ ತೆರೆದು ಮರೆತೇ ಹೋಗಿದ್ದ ಬೇರೊಂದು ಬ್ಯಾಂಕಿನ ಖಾತೆಯಲ್ಲಿ ಸಿಕ್ಕಿತು. ಆಧಾರ್ ಮೂಲಕ ಕಳುಹಿಸುವ ಹಣ ಹೋಗುವುದು ಕಟ್ಟಕಡೆಗೆ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ. ಅರ್ಜಿಯಲ್ಲಿ ಯಾವ ಖಾತೆ ಬರೆದಿದ್ದೀರಿ ಎಂಬುದು ಅದಕ್ಕೆ ಗೊತ್ತಿಲ್ಲ. ಊರಿಗೆ ಫೋನ್ ಮಾಡಿದಾಗ ಇದನ್ನೊಮ್ಮೆ ಕೇಳಿಕೊಳ್ಳಿ.

ಪ್ರಶ್ನೆ ಕಳುಹಿಸುವಾಗ ಜೊತೆಗೆ ನಿಜವಾದ ಕೆಲವು ಅರ್ಜಿಗಳ ವಿವರ ಇದ್ದರೆ ಶಾಸಕರ ಕೈ ಗಟ್ಟಿಯಾಗುತ್ತದೆ. ಆದ್ದರಿಂದ ಮಕ್ಕಳ ವಿದ್ಯಾರ್ಥಿವೇತನ ಬಾಕಿ ಇರುವವರು ಅರ್ಜಿಯ ಸ್ವೀಕೃತಿ ಪ್ರತಿ ಮತ್ತು ಪೋರ್ಟಲ್‌ನಲ್ಲಿ ಈಗ ತೋರಿಸುವ ಸ್ಥಿತಿಯ ಫೋಟೋ ತೆಗೆಸಿ ತರಿಸಿಕೊಳ್ಳಿ. ಆಧಾರ್ ಸಂಖ್ಯೆ, ಒಟಿಪಿ, ಬ್ಯಾಂಕ್ ಪಾಸ್‌ವರ್ಡ್ ನಮಗೆ ಬೇಡ, ಯಾರಿಗೂ ಕೊಡಬೇಡಿ. ಪ್ರತಿ ಶುಕ್ರವಾರ ಅಸರ್ ಆದ ಮೇಲೆ ಡೆಸ್ಕ್‌ನಲ್ಲಿ ಇರುತ್ತೇವೆ. ಟ್ರೈಲರ್ ಓಡಿಸುವ ಆ ಗೆಳೆಯರು ಮರು ಶುಕ್ರವಾರವೇ ಬಂದು ಮಗಳ ಕಾಗದ ಕೊಟ್ಟು ಹೋಗಿದ್ದಾರೆ. ಫೈಲಿನಲ್ಲಿ ಅದು ಒಂದನೇ ನಂಬರು. ಈ ಸಂಚಿಕೆ ಮುದ್ರಣಕ್ಕೆ ಹೋಗುವಾಗ ಹದಿನೇಳು ಆಗಿತ್ತು.